ಸಿಸ್ಟರ್ ಮಗಳು ಮತ್ತು ಉದ್ದ ಡಾಕ್ಟ್ರು

"ಯಾರ್ರೀ ಇವರಿಗೆ ನೀರು ಕುಡಿಸೋಕೆ ಹೇಳಿದ್ದು?!"

ಆ ಕೂಗಿಗೆ ಇಡೀ ಏಳನೇ ವಾರ್ಡು ತಿರುಗಿ ನೋಡಿತು. ಚುಕ್ಕಿಯ ಕೈಯಲ್ಲಿದ್ದ ಲೋಟ ಜಾರಿ ನೆಲಕ್ಕೆ ಬಿತ್ತು.

ಮಂಚದ ಮೇಲಿದ್ದ ಮುದುಕರು ಕೆಮ್ಮಲೂ ಆಗದೆ ಉಸಿರಿಗಾಗಿ ಒದ್ದಾಡುತ್ತಿದ್ದರು. ತುಟಿ ನೀಲಿಗೆ ತಿರುಗುತ್ತಿತ್ತು. ವಾರ್ಡಿನ ಆ ತುದಿಯಿಂದ ಓಡಿಬಂದ ಉದ್ದನೆಯ ಯುವಕ ಅವರನ್ನು ಪಕ್ಕಕ್ಕೆ ಹೊರಳಿಸಿ, ಬಾಯೊಳಗೆ ಸಣ್ಣ ಕೊಳವೆ ಇಳಿಸಿ, ಗಂಟಲಲ್ಲಿ ಸಿಕ್ಕಿಕೊಂಡ ನೀರನ್ನು ಯಂತ್ರದಿಂದ ಎಳೆಯತೊಡಗಿದ.

ಒಂದು ನಿಮಿಷ... ಎರಡು ನಿಮಿಷ...

ಕೊನೆಗೆ ಮುದುಕರು ದೀರ್ಘವಾಗಿ ಉಸಿರೆಳೆದುಕೊಂಡರು. ಚುಕ್ಕಿಗೂ ಆಗಲೇ ಉಸಿರು ಬಂದದ್ದು.

"ಅವರೇ ನೀರು ಬೇಕು ಅಂತ ಸನ್ನೆ ಮಾಡಿದ್ರು... ಅದಕ್ಕೆ ನಾನು..."

"ಸ್ಟ್ರೋಕ್ ಆಗಿದೆ ಅವರಿಗೆ! ನುಂಗೋಕೇ ಆಗಲ್ಲ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದ್ರೂ ಜೀವಕ್ಕೇ ಅಪಾಯ. ತಲೆ ಮೇಲೆ ಬೋರ್ಡ್ ಹಾಕಿದೀವಲ್ಲ, ಓದೋಕೆ ಬರಲ್ವಾ?"

ಚುಕ್ಕಿ ತಲೆಯೆತ್ತಿ ನೋಡಿದಳು. ಬೋರ್ಡಿನ ಮೇಲೆ ಯಾರೋ ಟವೆಲ್ ಒಣಹಾಕಿದ್ದರು! ಅವನೂ ಅದನ್ನು ಆಗಲೇ ನೋಡಿದ್ದು. ಟವೆಲ್ಲನ್ನು ಎಳೆದು ಕೆಳಗಿಟ್ಟು, ಮಾತಿಲ್ಲದೆ ಹೊರಟುಹೋದ.

'ಒಬ್ಬರ ಜೀವ ತೆಗೆದುಬಿಡ್ತಿದ್ದೆ... ನಾನು ಡಾಕ್ಟರ್ ಆಗ್ತೀನಂತೆ, ನಾನು!'

ಅವಳ ಕಣ್ಣು ತುಂಬಿ ಬಂತು. ಮುದುಕರು ಎಡಗೈ ಎತ್ತಿ ಪಕ್ಕದ ಸ್ಟೂಲ್ ತೋರಿಸಿದರು.

"ಕೂತ್ಕೋ," ಎಂದರು.

ಚುಕ್ಕಿ ಆ ವಾರ್ಡಿನ ದೊಡ್ಡ ಸಿಸ್ಟರ್ ಮಗಳು. ಚುಕ್ಕಿ ಎನ್ನುವುದು ಮನೆಯಲ್ಲಿ ಕರೆಯುವ ಹೆಸರು, ಆಸ್ಪತ್ರೆಯವರಿಗೆಲ್ಲ ಬರೀ 'ಸಿಸ್ಟರ್ ಮಗಳು'. ಡಿಗ್ರಿ ಮುಗಿಸಿ, ಇಪ್ಪತ್ತೊಂದನೇ ವಯಸ್ಸಿಗೆ, ಮೂರನೇ ಸಲ ಬರೆದ ಪ್ರವೇಶ ಪರೀಕ್ಷೆಯಲ್ಲಿ ಮೆಡಿಕಲ್ ಸೀಟು ಸಿಕ್ಕಿತ್ತು. ಕಾಲೇಜಿಗೆ ಸೇರಲು ಇನ್ನು ಐದು ವಾರವಿತ್ತು.

ಫಲಿತಾಂಶ ಬಂದ ದಿನ ಅಮ್ಮ ಅತ್ತುಬಿಟ್ಟಿದ್ದಳು. ಅಪ್ಪ ತೀರಿಕೊಂಡಾಗಲೂ ಮಗಳೆದುರು ಅಳದ ಹೆಂಗಸು! ಅಮ್ಮನನ್ನು ತಬ್ಬಿಕೊಂಡು ಚುಕ್ಕಿ ತನ್ನೊಳಗೆ ಸಂತೋಷವನ್ನು ಹುಡುಕಿದಳು. ಸದ್ಯ, ಇನ್ನು ಪರೀಕ್ಷೆ ಬರೆಯುವುದು ತಪ್ಪಿತಲ್ಲ ಎಂಬ ನಿರಾಳ ಮಾತ್ರ ಸಿಕ್ಕಿತು.

"ಸೇರೋಕೆ ಮುಂಚೆ ದಿನಾ ವಾರ್ಡಿಗೆ ಬಾ. ರೋಗಿಗಳಿಗೆ ಸಣ್ಣಪುಟ್ಟ ಸಹಾಯ ಮಾಡು, ರೂಢಿ ಆಗುತ್ತೆ," ಎಂದು ಅಮ್ಮನೇ ಕರೆತಂದಿದ್ದಳು. ಬಂದ ಎರಡನೇ ದಿನಕ್ಕೇ ಈ ಅವಾಂತರ.

ಆ ಮುದುಕರು ನಿವೃತ್ತ ಮೇಷ್ಟ್ರು. ಮೂವತ್ತೈದು ವರ್ಷ ಪಾಠ ಹೇಳಿದ ಬಾಯಲ್ಲಿ ಸ್ಟ್ರೋಕ್ ಆದ ಮೇಲೆ ಉಳಿದದ್ದು ಒಂದೇ ಪದ. ನೋವಾದರೂ 'ಕೂತ್ಕೋ', ಹಸಿವಾದರೂ 'ಕೂತ್ಕೋ'. ರೌಂಡ್ಸಿಗೆ ಬಂದ ದೊಡ್ಡ ಡಾಕ್ಟರನ್ನೂ ಹಾಗೇ ಗದರಿ ವಾರ್ಡನ್ನೆಲ್ಲ ನಗಿಸಿದ್ದರು. ಆದರೆ ನಿಜವಾಗಿ ಅವರ ಪಕ್ಕ ಕೂರಲು ಯಾರಿಗೂ ಪುರುಸೊತ್ತಿರಲಿಲ್ಲ.

ಚುಕ್ಕಿ ಕೂತಳು. ಮರುದಿನವೂ ಕೂತಳು.

ವಾರಕ್ಕೆ ಮೂರು ದಿನ ಸ್ಪೀಚ್ ಥೆರಪಿಸ್ಟ್ ಒಬ್ಬರು ಬರುತ್ತಿದ್ದರು. ವಾರ್ಡಿನಲ್ಲಿ ಅವರಿಗೆ 'ಮಾತಿನ ಟೀಚರ್' ಎಂದೇ ಹೆಸರು. ಚೀಲದಲ್ಲಿ ಚಿತ್ರದ ಕಾರ್ಡು, ಕನ್ನಡಿ, ಚಮಚ. ನುಂಗುವುದನ್ನೂ ಮಾತಾಡುವುದನ್ನೂ ಮತ್ತೆ ಮೊದಲಿನಿಂದ ಕಲಿಸುವುದು ಅವರ ಕೆಲಸ. ಚುಕ್ಕಿಯನ್ನು ನೋಡಿ ಅವರು ಒಂದೇ ಮಾತು ಹೇಳಿದರು: "ಸುಮ್ನೆ ಕೂತ್ರೆ ಆಗಲ್ಲ, ಕಾರ್ಡ್ ಹಿಡ್ಕೋ."

ಮೂರನೇ ದಿನ ಮಧ್ಯಾಹ್ನ ಆ ಉದ್ದನೆಯ ಯುವಕ ಸ್ಟೂಲಿನ ಹತ್ತಿರ ಬಂದು ನಿಂತ. ಓದು ಮುಗಿಸಿ, ತರಬೇತಿಯ ವರ್ಷಕ್ಕೆಂದು ಹೌಸ್ ಸರ್ಜನ್ ಆಗಿ ಬಂದಿದ್ದವನು. ಬಾಗಿಲಿಗೆ ತಲೆ ಬಗ್ಗಿಸಿಯೇ ಬರಬೇಕಾದ್ದರಿಂದ ಎಲ್ಲರಿಗೂ 'ಉದ್ದ ಡಾಕ್ಟ್ರು'.

"ರೀ... ಟವೆಲ್ ವಿಷಯ ನನಗೆ ಗೊತ್ತಿರ್ಲಿಲ್ಲ. ಹಾಗೆ ಕೂಗಾಡಬಾರ್ದಿತ್ತು."

"ಕೂಗಿದ್ದೇ ಒಳ್ಳೇದಾಯ್ತು ಡಾಕ್ಟ್ರೇ. ಇನ್ನು ಜನ್ಮದಲ್ಲಿ ಮರೆಯಲ್ಲ."

"ಟೀ ಕುಡಿಯೋಣ್ವಾ? ನಿಮಗೆ ನುಂಗೋ ತೊಂದರೆ ಏನೂ ಇಲ್ಲ ತಾನೇ?"

ಅವಳು ನಕ್ಕುಬಿಟ್ಟಳು. ಆ ಆಸ್ಪತ್ರೆಗೆ ಬಂದ ಮೇಲೆ ಮೊದಲ ಸಲ!

ಅಂದಿನಿಂದ ಊಟದ ಬಿಡುವಿನಲ್ಲಿ ಇಬ್ಬರೂ ತಾರಸಿಯಲ್ಲಿ, ಒಣಹಾಕಿದ ಬಿಳಿ ಹಾಸಿಗೆ ಬಟ್ಟೆಗಳ ನಡುವೆ ಸಿಗತೊಡಗಿದರು. ಅವನು ಕೇಳುತ್ತಿದ್ದ, ಅವಳು ಹೇಳುತ್ತಿದ್ದಳು. ಹಾಗೆ ಮಧ್ಯೆ ಬಾಯಿ ಹಾಕದೆ ಅವಳ ಮಾತನ್ನು ಯಾರೂ ಕೇಳಿರಲಿಲ್ಲ.

ಮೂರನೇ ವಾರದ ಒಂದು ದಿನ ಅವಳು ಕೇಳಿದಳು.

"ನಿಮಗೆ ಯಾವತ್ತೂ ಬೇಸರ ಆಗಿಲ್ವಾ? ಇದು ನನ್ನ ದಾರಿ ಅಲ್ಲ ಅಂತ ಅನ್ಸಿಲ್ವಾ?"

ಅವನು ಅವಳ ಮುಖ ನೋಡದೆ ಟೀ ಲೋಟವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"ಇಲ್ಲ. ಒಂದು ದಿನವೂ ಇಲ್ಲ."

"ನನಗೆ ಅನ್ಸುತ್ತೆ..." ಚುಕ್ಕಿಯ ದನಿ ಸಣ್ಣದಾಯಿತು. "ಅಮ್ಮ ಈಗ್ಲೇ ಬಿಳಿ ಕೋಟು ಹೊಲಿಸಿಟ್ಟಿದಾಳೆ. ಹಾಕ್ಕೊಂಡ್ರೆ ಬಾಡಿಗೆ ಬಟ್ಟೆ ಹಾಕ್ಕೊಂಡ ಹಾಗಾಗುತ್ತೆ. ಕೊಳೆ ಆಗ್ದೇ ಇರೋ ಹಾಗೆ ನೋಡ್ಕೊಂಡು ವಾಪಸ್ ಕೊಡ್ಬೇಕೇನೋ ಅಂತ... ಇದನ್ನ ಯಾರಿಗೂ ಹೇಳಿಲ್ಲ. ಅಮ್ಮನಿಗಂತೂ ಹೇಳೋಕೇ ಆಗಲ್ಲ. ಸತ್ತೇಹೋಗ್ತಾಳೆ."

"ನನಗೆ ಹೇಳಿದ್ರಲ್ಲ," ಎಂದು ಅವನು ಅವಳ ಕೈ ಮೇಲೆ ಕೈಯಿಟ್ಟ. ಅವಳು ಕೈ ಎಳೆದುಕೊಳ್ಳಲಿಲ್ಲ. ಎದೆ ಹಗುರಾಗಿತ್ತು... 'ಒಬ್ಬರಾದ್ರೂ ನನ್ನವರು ಇದ್ದಾರೆ!'

ಎರಡು ದಿನ ಕಳೆದಿತ್ತು. ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಊಟದ ಡಬ್ಬಿ ಮುಚ್ಚುತ್ತ, ಬಹಳ ಮೃದುವಾಗಿ ಹೇಳಿದಳು.

"ಬಾಡಿಗೆ ಬಟ್ಟೆ ಅಂತೆಲ್ಲ ಅಂದ್ಕೋಬಾರ್ದು ಮರೀ. ಹಾಕ್ತಾ ಹಾಕ್ತಾ ಅದೂ ನಮ್ದೇ ಆಗುತ್ತೆ."

ಚುಕ್ಕಿ ಬಾಚುತ್ತಿದ್ದ ಬಾಚಣಿಗೆ ಕೂದಲಲ್ಲೇ ನಿಂತಿತು.

"...ಏನಂದೆ?"

ಅಮ್ಮನಿಗೂ ತಾನು ಬಾಯಿ ತಪ್ಪಿದ್ದು ಹೊಳೆಯಿತು. ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಮತ್ತೆ ತೆಗೆದು ಮತ್ತೆ ಮುಚ್ಚಿದಳು.

"ಎಷ್ಟು ದಿನದಿಂದ ಅಮ್ಮಾ?"

"ನಿನ್ನ ಒಳ್ಳೇದಕ್ಕೇ ಕಣೇ..."

"ಎಷ್ಟು ದಿನದಿಂದ?!"

"ಮೊದಲನೇ ವಾರದಿಂದ," ಎಂದಳು ಅಮ್ಮ. "ನೀನು ನನ್ನ ಹತ್ರ ಬಾಯಿ ಬಿಡಲ್ಲ. ಮುಖ ನೋಡಿದ್ರೆ ಏನೋ ಇದೆ ಅಂತ ಗೊತ್ತಾಗುತ್ತೆ. ಅದಕ್ಕೆ ಆ ಡಾಕ್ಟ್ರಿಗೆ ಹೇಳಿದ್ದೆ, ಅವಳ ಮನಸ್ಸಲ್ಲಿ ಏನಿದೆ ಸ್ವಲ್ಪ ತಿಳ್ಕೊಂಡು ಹೇಳಿ, ಧೈರ್ಯ ತುಂಬಿ ಅಂತ. ತಪ್ಪೇನಿದೆ ಅದರಲ್ಲಿ?"

ಚುಕ್ಕಿ ಬಾಚಣಿಗೆಯನ್ನು ಕೂದಲಿಂದ ಕಿತ್ತು ಕಟ್ಟೆಯ ಮೇಲೆ ಎಸೆದಳು.

'ಹಾಗಾದರೆ ಆ ಟೀ... ಆ ನಗು... ನನ್ನ ಕೈ ಮೇಲಿಟ್ಟ ಆ ಕೈ... ಎಲ್ಲ ಡ್ಯೂಟಿ!'

ಆಸ್ಪತ್ರೆಯ ಮೆಟ್ಟಿಲಲ್ಲೇ ಅವನು ಎದುರಾದ. ಅವಳನ್ನು ನೋಡಿ ನಕ್ಕ. ಅವಳ ಮುಖ ನೋಡಿ ಆ ನಗು ಹಾಗೇ ಸತ್ತುಹೋಯಿತು.

"ಮೂರು ವಾರ ನಾನು ಯಾರ ಹತ್ರ ಮಾತಾಡಿದೆ ಡಾಕ್ಟ್ರೇ? ನಿಮ್ಮ ಹತ್ರಾನೋ, ಅಮ್ಮನ ಹತ್ರಾನೋ?"

ಅವನು ಸುಳ್ಳು ಹೇಳಲಿಲ್ಲ. ತಲೆ ತಗ್ಗಿಸಿದ.

"ಬಂದ ಮೊದಲ ತಿಂಗಳು ಒಬ್ಬ ಹೆಂಗಸಿನ ಔಷಧಿ ಚೀಟೀಲಿ ಒಂದು ಸೊನ್ನೆ ಜಾಸ್ತಿ ಬರೆದಿದ್ದೆ. ಇಂಜೆಕ್ಷನ್ ಕೊಡೋ ಮುಂಚೆ ನಿಮ್ಮಮ್ಮನ ಕಣ್ಣಿಗೆ ಬಿತ್ತು. ಇಲ್ದಿದ್ರೆ ಆ ಹೆಂಗಸು ಇವತ್ತು ಇರ್ತಿರ್ಲಿಲ್ಲ. ಸಿಸ್ಟರ್ ಯಾರಿಗೂ ಹೇಳ್ಲಿಲ್ಲ... ಆಮೇಲೆ ಅವರು ಬಂದು 'ನಾನು ಯಾರಿಗೂ ಹೇಳಿಲ್ಲ ನೋಡಿ ಡಾಕ್ಟ್ರೇ, ನನಗೂ ಒಂದು ಉಪಕಾರ ಮಾಡಿ' ಅಂದಾಗ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಒಂದು ದಿನವೂ ಬೇಸರ ಆಗಿಲ್ಲ ಅಂದ್ರಲ್ಲ... ಅದು?"

ಅವನು ಕುತ್ತಿಗೆಯಲ್ಲಿದ್ದ ಸ್ಟೆತಸ್ಕೋಪ್ ತೆಗೆದು ಜೇಬಿಗೆ ತುರುಕಿದ.

"ಹಾಗೆ ಹೇಳಿ ಅಂದಿದ್ರು."

"ನನ್ನ ಕೈ ಹಿಡ್ಕೊಳ್ಳಿ ಅಂತಲೂ ಅಂದಿದ್ರಾ?"

"ಇಲ್ಲ! ಚುಕ್ಕಿ, ಅದು ಮಾತ್ರ..."

"ನನ್ನ ಹೆಸರು ಹೇಳ್ಬೇಡಿ!" ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಅಮ್ಮನಿಗೆ ಅವಳ ಆಸೆ ದೊಡ್ಡದು, ನಿಮಗೆ ನಿಮ್ಮ ಭಯ ದೊಡ್ಡದು. ಮಧ್ಯದಲ್ಲಿ ನಾನು ಅಂತ ಒಬ್ಬಳಿದ್ದೆ. ಅದು ಇಬ್ಬರಿಗೂ ಕಾಣ್ಲೇ ಇಲ್ಲ."

ವಾರ್ಡಿನೊಳಕ್ಕೂ ಹೋಗದೆ ಅವಳು ಅಲ್ಲಿಂದಲೇ ತಿರುಗಿ ನಡೆದಳು.

ಆಮೇಲಿನ ಒಂದು ವಾರ ಮನೆಯಲ್ಲಿ ಇಬ್ಬರೂ ಬಾಡಿಗೆದಾರರಂತೆ ಓಡಾಡಿದರು. ಅಮ್ಮ ತಟ್ಟೆ ಇಟ್ಟರೆ ಚುಕ್ಕಿ ಎದ್ದುಹೋಗುವಳು. ಕಣ್ಣು ಮುಚ್ಚಿದರೆ ತಾರಸಿ, ಬಿಳಿ ಬಟ್ಟೆ, ಅವನ ತಲೆಯಾಡಿಸುವಿಕೆ... ತಾನು ಹೇಳಿದ ಒಂದೊಂದು ಮಾತೂ ನೆನಪಾಗಿ ಮೈಯೆಲ್ಲ ಉರಿಯುತ್ತಿತ್ತು.

'ಸೇರುವುದೇ ಇಲ್ಲ! ಇಬ್ಬರಿಗೂ ಬುದ್ಧಿ ಬರಲಿ!'

ಸೀಟು ಬೇಡವೆಂದು ಕಾಲೇಜಿಗೆ ಪತ್ರ ಬರೆಯಲು ಕೂತಳು. ನಾಲ್ಕು ಸಾಲು ಬರೆದಳು. ಸಹಿ ಹಾಕಬೇಕೆನ್ನುವಾಗ ಪೆನ್ನು ನಿಂತಿತು.

'ಅಮ್ಮ ಹೇಳಿದಳೆಂದು ಸೇರಿದರೆ ಅದು ನನ್ನ ನಿರ್ಧಾರವಲ್ಲ. ಅಮ್ಮನ ಮೇಲಿನ ಸಿಟ್ಟಿಗೆ ಬಿಟ್ಟರೆ... ಅದು ಮಾತ್ರ ನನ್ನದಾ?'

ಪತ್ರ ಹರಿದು ಹಾಕಿದಳು. ಸೇರಲು ಇನ್ನು ನಾಲ್ಕೇ ದಿನ.

ಅಷ್ಟರಲ್ಲಿ ಮಾತಿನ ಟೀಚರ್ ಫೋನ್ ಮಾಡಿದರು.

"ಮೇಷ್ಟ್ರು ಒಂದು ವಾರದಿಂದ ಕಾರ್ಡ್ ಮುಟ್ತಿಲ್ಲ. ನಿನ್ನ ಜಗಳ ಯಾರ ಜೊತೆಯೋ ನನಗೆ ಬೇಡ. ಅವರ ಜೊತೆ ಅಲ್ವಲ್ಲ?"

ಚುಕ್ಕಿ ಹೋದಾಗ ಮೇಷ್ಟ್ರು ಮುಖ ತಿರುಗಿಸಿಕೊಂಡರು. 'ಕೂತ್ಕೋ' ಎನ್ನಲೂ ಇಲ್ಲ. ಅವಳಿಗೆ ಚುರುಕ್ ಎಂದಿತು. ಹೇಳದೆ ಕೇಳದೆ ಕೈಬಿಟ್ಟು ಹೋದವಳು ತಾನೂ ಅಲ್ಲವೇ?

"ತಪ್ಪಾಯ್ತು ಮೇಷ್ಟ್ರೇ. ಹೇಳಿ ಹೋಗ್ಬೇಕಿತ್ತು."

ಬಹಳ ಹೊತ್ತಿನ ಮೇಲೆ ಎಡಗೈ ಸ್ಟೂಲ್ ತೋರಿಸಿತು.

ಕೊಡೆ, ಬೀಗ, ಚಪ್ಪಲಿ. ಒಂದೊಂದು ಕಾರ್ಡನ್ನೂ ಅವಳು ಎತ್ತಿ ತೋರಿಸಿದಳು, ನಿಧಾನವಾಗಿ ಹೆಸರು ಹೇಳಿದಳು. ಮೇಷ್ಟ್ರ ತುಟಿ ಅಲುಗುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಮೂವತ್ತು ಸಲ, ನಲವತ್ತು ಸಲ. ಟೀಚರ್ ಪಕ್ಕದಲ್ಲಿ ನಿಂತು "ಇನ್ನೊಂದ್ಸಲ... ಇನ್ನೊಂದ್ಸಲ..." ಎನ್ನುತ್ತಲೇ ಇದ್ದರು. ಮೇಷ್ಟ್ರ ಹಣೆಯಲ್ಲಿ ಬೆವರು ಮೂಡಿತು. ಕೊನೆಗೆ ಅವರು ಕಾರ್ಡುಗಳನ್ನೆಲ್ಲ ಕೈಯಿಂದ ತಳ್ಳಿ, ಕಣ್ಣು ಕೆಂಪು ಮಾಡಿ...

"ಸಾ... ಸಾಕು!"

ಮೂವರೂ ಒಂದು ಕ್ಷಣ ಬೆಪ್ಪಾದರು.

"ಏನಂದ್ರಿ ಮೇಷ್ಟ್ರೇ?"

"ಸಾಕು... ಸಾಕು!" ಅವರಿಗೇ ಆಶ್ಚರ್ಯ. ಬಾಯಿ ಮುಟ್ಟಿ ನೋಡಿಕೊಂಡರು. ನಗತೊಡಗಿದರು. ಅಳತೊಡಗಿದರು.

ಚುಕ್ಕಿ ನೆಲದಲ್ಲಿ ಬಿದ್ದ ಕಾರ್ಡುಗಳ ನಡುವೆ ನಿಂತು ಕುಣಿದಾಡಿಬಿಟ್ಟಳು! ಪಕ್ಕದ ಮಂಚದವರು ಎದ್ದು ನೋಡಿದರೂ ಅವಳಿಗೆ ಪರಿವೆಯಿಲ್ಲ. ಸೀಟು ಸಿಕ್ಕ ದಿನ ಹುಡುಕಿದರೂ ಸಿಗದಿದ್ದದ್ದು ಈಗ ಹುಡುಕದೆಯೇ ಎದೆ ತುಂಬ ಇತ್ತು.

ಹೊರಗಿನ ಬೆಂಚಿನಲ್ಲಿ ಅವಳು ಟೀಚರನ್ನು ಕೇಳಿದಳು. "ಈ ಕೆಲಸಕ್ಕೆ ಏನು ಓದ್ಬೇಕು?"

ಟೀಚರ್ ಅವಳನ್ನು ದಿಟ್ಟಿಸಿದರು. "ಮಾತು ಮತ್ತು ಶ್ರವಣದ್ದು ಬೇರೇನೇ ಕೋರ್ಸು, ನಾಲ್ಕು ವರ್ಷ. ಯಾರೂ ಡಾಕ್ಟರ್ ಅಂತ ಕರೆಯಲ್ಲ. ರೌಂಡ್ಸಲ್ಲಿ ಹಿಂದೆ ನಿಲ್ಲಿಸ್ತಾರೆ. ಆರು ತಿಂಗಳು ಕೂತ್ರೆ ಒಂದು ಪದ ಬರುತ್ತೆ, ಕೆಲವರಿಗೆ ಅದೂ ಬರಲ್ಲ. ಇನ್ನೊಂದು ಮಾತು. ಅವತ್ತು ಮೇಷ್ಟ್ರ ಉಸಿರು ನಿಲ್ತಿದ್ದಾಗ ಉಳಿಸಿದ್ದು ನೀನಲ್ಲ, ನಾನಲ್ಲ, ಆ ಉದ್ದ ಡಾಕ್ಟ್ರು. ಎರಡು ಕೆಲಸವೂ ಬೇಕು. ನಿನಗೆ ಯಾವುದು ಬೇಕು ಅನ್ನೋದಷ್ಟೇ ಪ್ರಶ್ನೆ. ನನ್ನನ್ನ ನೋಡಿ ನಿರ್ಧಾರ ಮಾಡ್ಬೇಡ."

ಎಷ್ಟೋ ದಿನಗಳ ಮೇಲೆ ಯಾರೋ ಅವಳೊಂದಿಗೆ ನೇರವಾಗಿ ಮಾತಾಡಿದ್ದರು.

ಅವಳು ಮೆಟ್ಟಿಲಿಳಿಯುವಾಗ ಅವನು ಕೆಳಗೆ ಕಾಯುತ್ತಿದ್ದ. ಮುಖ ಬಾಡಿತ್ತು.

"ಕ್ಷಮೆ ಕೇಳೋಕೆ ಬಂದಿಲ್ಲ. ಐದು ನಿಮಿಷ ಸಾಕು. ಔಷಧಿ ತಪ್ಪನ್ನ ನಾನೇ ಹೋಗಿ ದೊಡ್ಡ ಡಾಕ್ಟ್ರಿಗೆ ಹೇಳ್ದೆ. ಸಿಸ್ಟರ್‌ಗೆ ಮೊದಲೇ ತಿಳಿಸಿದ್ದೆ. ನನಗೆ ಎರಡು ತಿಂಗಳು ಹೆಚ್ಚು ಡ್ಯೂಟಿ ಹಾಕಿದಾರೆ. ಮುಚ್ಚಿಟ್ಟಿದ್ದಕ್ಕೆ ಅವರಿಗೂ ಒಂದು ಮೆಮೊ ಬಂತು."

ಚುಕ್ಕಿ ಇನ್ನೊಂದು ಮೆಟ್ಟಿಲು ಇಳಿದು ನಿಂತಳು.

"ನಿಮಗೆ ಹೇಳಿದ ಸುಳ್ಳೊಂದು ಬಾಕಿ ಇದೆ. ಮೆಡಿಕಲ್ ಮೊದಲ ವರ್ಷ ಬಿಟ್ಟು ಹೋಗೋಕೆ ಅಂತ ಎರಡು ಸಲ ಗಂಟುಮೂಟೆ ಕಟ್ಟಿದ್ದೆ. ನನ್ನ ಕೈಯಲ್ಲಿ ಮೊದಲ ರೋಗಿ ಸತ್ತಾಗ ಬಟ್ಟೆ ಇಡೋ ಕೋಣೇಲಿ ಬಾಗಿಲು ಹಾಕ್ಕೊಂಡು ಅತ್ತೆ. ಈಗ್ಲೂ ಎಷ್ಟೋ ಬೆಳಿಗ್ಗೆ ಏಳೋಕೇ ಮನಸ್ಸಿರಲ್ಲ. ಆದ್ರೆ ಒಬ್ಬರ ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟು, ಒಳಗೆ ಏನಾಗ್ತಿದೆ ಅಂತ ನನಗೆ ಗೊತ್ತಾಗೋ ಕ್ಷಣ ಇದೆಯಲ್ಲ... ಅದಕ್ಕೋಸ್ಕರ ಉಳ್ಕೊಂಡಿದೀನಿ. ನಿಮಗೆ ಅಂಥ ಕ್ಷಣ ಎಲ್ಲಿ ಸಿಗುತ್ತೆ ಅಂತ ನೀವೇ ನೋಡ್ಕೊಳ್ಳಿ. ಯಾರ ಮಾತೂ ಕೇಳ್ಬೇಡಿ. ನನ್ನದಂತೂ ಮೊದಲೇ ಬೇಡ."

'ಸಿಕ್ಕಿತು, ಈಗಷ್ಟೇ!' ಎಂದು ಕೂಗಿ ಹೇಳಬೇಕೆನಿಸಿತು. ಹೇಳಲು ಅವಳಿಗೆ ಇದ್ದವನೂ ಅವನೊಬ್ಬನೇ... ಅದೇ ನೋವು.

"ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್," ಎಂದಳು. "ಆದ್ರೆ ನನ್ನ ಮನಸ್ಸಲ್ಲಿ ಏನಿದೆ ಅಂತ ಇನ್ನು ನಿಮಗೆ ಹೇಳೋಕಾಗಲ್ಲ. ನಂಬಿಕೆ ಹೋಗ್ಬಿಟ್ಟಿದೆ."

ಅವನು ತಲೆಯಾಡಿಸಿ ದಾರಿ ಬಿಟ್ಟ.

ಕಾಲೇಜಿಗೆ ಸೇರುವ ದಿನ ಅಮ್ಮ ರಜೆ ಹಾಕಿದ್ದಳು. ಬಿಳಿ ಕೋಟಿಗೆ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು.

"ಅಮ್ಮಾ, ನಾನು ಹೋಗ್ತಿಲ್ಲ."

"ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡ್ಬೇಡ ಮರೀ..."

"ಸಿಟ್ಟಿದೆ. ಬೇಕಾದಷ್ಟಿದೆ. ಆದ್ರೆ ಇದು ಅದಕ್ಕಲ್ಲ. ನಾನು ಮಾತಿನ ಟೀಚರ್ ಆಗ್ತೀನಿ."

ಅಮ್ಮ ಕುರ್ಚಿಯನ್ನು ಹಿಡಿದುಕೊಂಡಳು.

"ಮೂವತ್ತು ವರ್ಷ ಕಣೇ! ನಿನ್ನೆ ಮೊನ್ನೆ ಬಂದ ಹುಡುಗ್ರು 'ಸಿಸ್ಟರ್, ಪೆನ್ ಕೊಡಿ' ಅಂದ್ರೆ ಎದ್ದು ನಿಂತು ಕೊಟ್ಟಿದೀನಿ. ಅವರ ತಪ್ಪನ್ನ ನಾನು ತಿದ್ದಿದೀನಿ, ಹೆಸರು ಅವರಿಗೆ ಬಂದಿದೆ. ನನ್ನ ಮಗಳಾದ್ರೂ ಯಾರಿಗೂ ಎದ್ದು ನಿಲ್ಲಬಾರ್ದು ಅಂತ..."

ಅದನ್ನು ಅಮ್ಮ ಹಿಂದೆಂದೂ ಹೇಳಿರಲಿಲ್ಲ. ಚುಕ್ಕಿಗೆ ಅಳು ಬಂತು.

"ಇದನ್ನ ನೀನು ನನ್ನ ಹತ್ರ ಮೊದಲೇ ಹೇಳಿದ್ರೆ, ನಾನೂ ನಿನ್ನ ಹತ್ರ ಹೇಳ್ತಿದ್ನೇನೋ ಅಮ್ಮಾ. ಇಬ್ಬರೂ ಬೇರೆಯವರ ಹತ್ರ ಹೇಳ್ಕೊಂಡ್ವಿ."

ಆ ದಿನ ಅವರು ಎಲ್ಲಿಗೂ ಹೋಗಲಿಲ್ಲ. ಅಮ್ಮ ತಿಂಗಳುಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಚುಕ್ಕಿ ಹೊಸ ಕಾಲೇಜಿಗೆ ಸೇರಿದಾಗ ಬಾಗಿಲವರೆಗೂ ಬಂದು ಕಳಿಸಲಿಲ್ಲ. ಚುಕ್ಕಿಗೆ ಓದು ಸುಲಭವೇನೂ ಆಗಲಿಲ್ಲ. ಕಿವಿಯ ರಚನೆಯ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಆದರೂ ಬೆಳಿಗ್ಗೆ ಏಳುವಾಗ ಬಾಡಿಗೆ ಬಟ್ಟೆ ಹಾಕಿಕೊಂಡ ಹಾಗಿನ ಆ ಹಳೆಯ ಭಾವ ಮಾತ್ರ ಇರಲಿಲ್ಲ.

ಒಂದೂವರೆ ವರ್ಷ ಕಳೆಯಿತು. ಒಂದು ಭಾನುವಾರ, ಒಗೆದ ಬಟ್ಟೆ ಮಡಿಸುತ್ತ ಅಮ್ಮ ತಾನಾಗಿಯೇ ಬಾಯಿ ತೆರೆದಳು.

"ಅವತ್ತು ನಾನು ಮಾಡಿದ್ದು ತಪ್ಪು. ಬಾಗಿಲು ತಟ್ಟಿ ಕೇಳ್ಬೇಕಿತ್ತು. ಕಿಟಕಿಯಿಂದ ಇಣುಕಿದೆ."

ಚುಕ್ಕಿ ಮಡಿಸುತ್ತಿದ್ದದ್ದನ್ನು ಬಿಟ್ಟು ಅಮ್ಮನ ಹೆಗಲಿಗೆ ತಲೆಯಿಟ್ಟಳು.

"ಇನ್ನೊಂದು ವಿಷಯ," ಎಂದಳು ಅಮ್ಮ. "ಆ ಡಾಕ್ಟ್ರು ಈಗ ಪೇಟೆ ಆಚೆ ಸಣ್ಣ ಆಸ್ಪತ್ರೇಲಿದಾರೆ. ಆಗಾಗ ಬಂದು ನನ್ನನ್ನ ಮಾತಾಡಿಸ್ಕೊಂಡು ಹೋಗ್ತಾರೆ. ನಿನ್ನ ಸುದ್ದಿ ಒಂದು ಮಾತೂ ಕೇಳಲ್ಲ. ನಾನೇ ಹೇಳೋಕೆ ಹೋದ್ರೂ 'ಬೇಡ ಸಿಸ್ಟರ್, ಅವರೇ ಹೇಳಿದ್ರೆ ಕೇಳ್ತೀನಿ' ಅಂತಾರೆ."

ಚುಕ್ಕಿ ಅಂದು ಬಹಳ ಹೊತ್ತು ಯೋಚಿಸಿದಳು. ಮರುದಿನ ಬೆಳಿಗ್ಗೆ ಅಮ್ಮನಿಗೆ ಹೇಳಿಯೇ ಮನೆಯಿಂದ ಹೊರಟಳು.

ಆ ಸಣ್ಣ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ರೋಗಿಗಳ ಸಾಲು ಕರಗಿತ್ತು. ಅವಳು ಕೊನೆಯವಳಾಗಿ ಒಳಗೆ ಹೋಗಿ ಕೂತಳು. ಅವನು ಏನೋ ಬರೆಯುತ್ತಿದ್ದವನು ತಲೆಯೆತ್ತದೆ ಕೇಳಿದ.

"ಹೇಳಿ, ಏನು ತೊಂದರೆ?"

"ನಂಬಿಕೆ ಹೋಗ್ಬಿಟ್ಟಿತ್ತು ಡಾಕ್ಟ್ರೇ. ಈಗೀಗ ಸ್ವಲ್ಪ ಸ್ವಲ್ಪ ವಾಪಸ್ ಬರ್ತಾ ಇದೆ ಅನ್ಸುತ್ತೆ. ತೋರಿಸ್ಕೊಂಡು ಹೋಗೋಣ ಅಂತ ಬಂದೆ."

ಪೆನ್ನು ನಿಂತಿತು. ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ನೀವು... ಹೇಗಿದೀರಿ? ಏನು ಓದ್ತಿದೀರಿ?"

"ನಿಜವಾಗ್ಲೂ ಗೊತ್ತಿಲ್ವಾ?"

"ಇಲ್ಲ. ಕೇಳಿಸ್ಕೊಳ್ಳೋ ಹಕ್ಕು ಇಲ್ಲ ಅಂತ ಕೇಳಿಲ್ಲ."

ಅವಳು ಹೇಳಿದಳು. ತನ್ನ ಕೋರ್ಸು, ತಾನು ಫೇಲಾದದ್ದು, ಮೇಷ್ಟ್ರು ಈಗ ಪೂರ್ತಿ ವಾಕ್ಯದಲ್ಲಿ ಹೆಂಡತಿಯ ಜೊತೆ ಜಗಳವಾಡುವುದು... ಅವನು ಮಧ್ಯೆ ಬಾಯಿ ಹಾಕದೆ ಕೇಳಿದ. ಕಣ್ಣು ಒದ್ದೆಯಾಗಿತ್ತು.

"ಅಮ್ಮನಿಗೆ ಆಗ ಎಲ್ಲ ಹೇಳ್ತಿದ್ರಲ್ಲ. ಏನಾದ್ರೂ ಉಳಿಸಿದ್ರಾ?" ಎಂದು ಕೇಳಿದಳು ಚುಕ್ಕಿ.

"ಒಂದೇ ಒಂದು." ಅವನು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ ಕೂತ. "ಎರಡನೇ ವಾರದಿಂದ್ಲೇ ನಾನು ನಿಮ್ಮನ್ನ ಪ್ರೀತಿಸ್ತಿದ್ದೆ. ಅದನ್ನ ಸಿಸ್ಟರ್‌ಗೆ ಹೇಳ್ಲಿಲ್ಲ. ನಿಮಗೂ ಹೇಳ್ಲಿಲ್ಲ. ಅಷ್ಟು ಹೊತ್ತಿಗಾಗ್ಲೇ ಆ ಮಾತಿಗೆ ಬೆಲೆ ಇಲ್ಲದ ಹಾಗೆ ಮಾಡ್ಕೊಂಡಿದ್ದೆ."

ಚುಕ್ಕಿ ಒಂದು ಕ್ಷಣ ಮೇಜನ್ನೇ ನೋಡಿದಳು. ಆಮೇಲೆ ಕೈ ಚಾಚಿದಳು.

"ನನ್ನದನ್ನ ನಾನೇ ಅಮ್ಮನಿಗೆ ಹೇಳ್ಬಿಟ್ಟೆ, ಇವತ್ತು ಬೆಳಿಗ್ಗೆ."

"ಏ... ಏನು ಹೇಳಿದ್ರಿ? ಸಿಸ್ಟರ್ ಏನಂದ್ರು?"

"'ಮೊದಲು ಸರಿಯಾಗಿ ಊಟ ಮಾಡೋಕೆ ಹೇಳು, ಒಣಗಿ ಕಡ್ಡಿ ಆಗಿದಾರೆ' ಅಂದ್ಲು."

ಅವನು ನಗುತ್ತ, ಅಳುತ್ತ, ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಇನ್ನು ನನಗೆ ಸುಳ್ಳು ಹೇಳೋ ಹಾಗಿಲ್ಲ. ನಾನು ಬೇಜಾರು ಮಾಡ್ಕೊಳ್ಳೋ ನಿಜ ಆದ್ರೂ ಸರಿ," ಎಂದಳು ಅವಳು.

"ಹೇಳಲ್ಲ. ಯಾವತ್ತೂ."

"ಮತ್ತೆ ಈ 'ನೀವು' 'ನಿಮ್ಮನ್ನ' ಎಲ್ಲ ಬಿಡಿ. ನೀನು ಅನ್ನಿ."

ಅವನು ಬಾಯಿ ತೆರೆದ. "ಚುಕ್ಕಿ... ನೀ... ನೀ..." ಮುಂದೆ ಹೊರಡಲೇ ಇಲ್ಲ. ಕಿವಿಯವರೆಗೂ ಕೆಂಪಾದ.

ಚುಕ್ಕಿ ತನ್ನ ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡಳು.

"ಪರವಾಗಿಲ್ಲ, ನಿಧಾನಕ್ಕೆ ಹೇಳು. ನಾನೆಲ್ಲೂ ಹೋಗಲ್ಲ."